ಕಾಸು ತಿಮ್ಮಪ್ಪನದು, ನೋಟು ನಮ್ಮದು

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ದುಡ್ಡಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಇದನ್ನೂ ಒಂದು ಬಡತನದ ಕಥೆ ಎಂದುಕೊಂಡು ಮರುಗಲು ಕೂತುಬಿಡುತ್ತಾರೆ. ನಮಗೆ ನಾಲೆ ನೀರಿನ ಗದ್ದೆ ಇತ್ತು, ಮೇಲಿನ ಹೊಲದಲ್ಲಿ ಆಲೂಗಡ್ಡೆ ಇತ್ತು, ಕೊಟ್ಟಿಗೆಯಲ್ಲಿ ಕರೆಯುವ ಹಸು ಮೂರಿದ್ದವು. ನಡುಮನೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು ಇತ್ತು. ದುಡ್ಡೆಲ್ಲ ಅದರೊಳಗೆ. ಅದರ ಬೀಗದಕೈ ದೊಡ್ಡಪ್ಪನ ಉಡಿದಾರದಲ್ಲಿ. ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ, ಮನೆಯ ಯಜಮಾನರು. ಅವರು ಅಂಗಳ ದಾಟುವಾಗ ಬೀಗದಕೈ ಕಿಣಿಕಿಣಿ ಎನ್ನುತ್ತಿತ್ತು, ಒಳಗೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಊರು ಹಳೇಕೋಟೆಯ ಆಸುಪಾಸಿನದು. ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನನಗಾಗ ಹತ್ತು ವರ್ಷ. ಶ್ರಾವಣ ಬಂತೆಂದರೆ ನಮ್ಮ ಕಡೆ ಎರಡು ಸಂಭ್ರಮ ಒಟ್ಟಿಗೇ ಬರುತ್ತಿದ್ದವು. ಒಂದು ಆಲೂಗಡ್ಡೆ ಕೀಳುವುದು, ಇನ್ನೊಂದು ಶನಿವಾರದ ಗೋವಿಂದ. ಆಲೂಗಡ್ಡೆ ಕಿತ್ತ ಹೊಲದ ಹಸಿಮಣ್ಣಿನ ವಾಸನೆ ಕೈಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ. ನಾವು ಮಕ್ಕಳು ಗೋಲಿ ಗಾತ್ರದ ಗೆಡ್ಡೆಗಳನ್ನು ಆರಿಸಿ ತಂದು ನೀರೊಲೆಯ ಕೆಂಡಕ್ಕೆ ಹಾಕಿ, ಸಿಪ್ಪೆ ಕರಕಲಾದ ಮೇಲೆ ಉಪ್ಪು ಖಾರ ಮುಟ್ಟಿಸಿಕೊಂಡು, ಬಾಯಿ ಸುಟ್ಟುಕೊಂಡು ತಿನ್ನುತ್ತಿದ್ದೆವು. ಆಮೇಲೆ ಅಂಗಳದಲ್ಲಿ ಕುಂಟೆಬಿಲ್ಲೆ. ಶನಿವಾರ ಬೆಳಿಗ್ಗೆ ಮಾತ್ರ ಆಟವಿಲ್ಲ. ತಲೆಗೆ ನೀರು ಹಾಕಿಸಿಕೊಂಡು, ಹಣೆಗೆ ನಾಮ ಇಟ್ಟುಕೊಂಡು, ನಾಮ ಬರೆದ ಹಿತ್ತಾಳೆ ತಂಬಿಗೆಗೆ ತುಳಸಿ ಸುತ್ತಿ, 'ವೆಂಕಟರಮಣ ಗೋವಿಂದಾ ಗೋವಿಂದ' ಎಂದು ಐದು ಮನೆ ಬೇಡಬೇಕು. ಬಂದ ಅಕ್ಕಿಯಲ್ಲಿ ಅಂದಿನ ಅನ್ನ. ಬಂದ ಕಾಸು ತಿರುಪತಿ ತಿಮ್ಮಪ್ಪನ ಮುಡಿಪಿಗೆ.

ಮುಡಿಪು ಎಂದರೆ ಅರಿಸಿನದಲ್ಲಿ ಅದ್ದಿದ ಬಟ್ಟೆಯ ಗಂಟು. ದೇವರ ಮೂಲೆಯ ಗೂಡಿನಲ್ಲಿ ಇರುತ್ತಿತ್ತು. ಅದನ್ನು ಬಿಚ್ಚುವುದು, ಕಟ್ಟುವುದು ನಮ್ಮಜ್ಜಿಯ ಕೆಲಸ. ಅಜ್ಜಿಯ ಬೆರಳಿಗೆ ವಾತ ಹಿಡಿದು ಗಂಟು ಬಿಚ್ಚಲು ಆಗದಿದ್ದಾಗ ನನ್ನನ್ನು ಕರೆಯುತ್ತಿದ್ದಳು. ಹಾಗಾಗಿ ನನಗೊಂದು ವಿಷಯ ಗೊತ್ತಾಯಿತು. ಗಂಟಿನ ಮೇಲ್ಗಡೆ ಕಾಸುಗಳಿದ್ದವು. ಅದರ ಕೆಳಗೆ ಇನ್ನೊಂದು ಪುಟ್ಟ ಗಂಟು, ಅದರಲ್ಲಿ ಮಡಿಸಿದ ನೋಟುಗಳು.

"ಅಜ್ಜೀ, ಗೋವಿಂದ ಬೇಡಕ್ಕೋದ್ರೆ ಯಾರೂ ನೋಟು ಹಾಕಲ್ವಲ್ಲ?" ಎಂದೆ.

ಅಜ್ಜಿ ಬಾಗಿಲ ಕಡೆ ನೋಡಿ, ನನ್ನ ಕಿವಿ ಹಿಡಿದು ಹತ್ತಿರಕ್ಕೆಳೆದಳು. "ಕಾಸು ತಿಮ್ಮಪ್ಪಂದು, ನೋಟು ನಮ್ದು. ಎಂಗಸ್ರದ್ದು. ಆಪತ್ತಿಗೆ ಅಂತ ಮಡಗಿರಾದು. ನಿಮ್ಮವ್ವಂಗೊತ್ತು, ನಂಗೊತ್ತು, ಈಗ ನಿಂಗೂ ಗೊತ್ತಾಯ್ತು. ಬಾಯ್ ಬುಟ್ಟೀಯಾ, ಜ್ವಾಕೆ."

"ತಿಮ್ಮಪ್ಪ ಸಿಟ್ಟಾಗಲ್ವಾ?"

"ಯಾಕಾಯ್ತನೆ? ಅವ್ನು ಕಾವ್ಲುಗಾರ. ಒಂದು ನೋಟು ತಗದ್ರೆ ಒಂದು ಕಾಸು ಅವ್ನ ಕೂಲಿ ಅಂತ ಆಕ್ತೀವಲ್ಲ."

ಇದು ನಮ್ಮಜ್ಜಿಯ ಬ್ಯಾಂಕು. ಬೀರುವಿಗೆ ಕೈ ಹಾಕಲು ಬೀಗದಕೈ ಬೇಕು, ಮುಡಿಪಿಗೆ ಕೈ ಹಾಕಲು ಎದೆ ಬೇಕು. ಯಾವ ಗಂಡಸಿಗೂ ಆ ಎದೆ ಇರಲಿಲ್ಲ. ಆ ನೋಟುಗಳು ಎಲ್ಲಿಂದ ಬರುತ್ತಿದ್ದವು? ಡೈರಿಯ ಬಟವಾಡೆಯಿಂದ. ವಾರಕ್ಕೊಮ್ಮೆ ಹಾಲಿನ ದುಡ್ಡನ್ನು ಡೈರಿಯಲ್ಲಿ ಕೈಗೇ ಕೊಡುತ್ತಿದ್ದರು. ಅಜ್ಜಿ ಈಸಿಕೊಂಡು ಬಂದು ದೊಡ್ಡಪ್ಪನ ಮುಂದಿಡುವಷ್ಟರಲ್ಲಿ ಅದು ಸ್ವಲ್ಪ ಸಣ್ಣಗಾಗಿರುತ್ತಿತ್ತು. ಹಾಲು ಒಡೀತು, ಕರು ಕುಡಕಂತು, ಬೆಕ್ಕು ಬಾಯಿ ಹಾಕ್ತು. ಅಜ್ಜಿಯ ಮಾತು ನಂಬುವುದಾದರೆ ನಮ್ಮ ಮನೆಯ ಬೆಕ್ಕು ಒಂದು ಎಮ್ಮೆಯ ಗಾತ್ರ ಇರಬೇಕಿತ್ತು. ಹಸುವಿಗೆ ಹುಲ್ಲು ತರುತ್ತಿದ್ದವಳು ಅವ್ವ, ಸಗಣಿ ಬಾಚುತ್ತಿದ್ದವಳು ಅವ್ವ, ಹಾಲು ಕರೆದು ಹೊರುತ್ತಿದ್ದವಳು ಅಜ್ಜಿ. ತಮ್ಮ ದುಡಿಮೆಯ ಹತ್ತು ರೂಪಾಯಿ ಉಳಿಸಿಕೊಳ್ಳಲು ಬೆಕ್ಕಿನ ಮೇಲೆ ಕಳ್ಳತನ ಹೊರಿಸಬೇಕಾಗಿತ್ತು. ಆಗ ನನಗದು ನಗೆಯ ವಿಷಯವಾಗಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಆ ಶ್ರಾವಣದ ಎರಡನೆಯ ವಾರ ಅಜ್ಜಿ ಚನ್ನರಾಯಪಟ್ಟಣಕ್ಕೆ ಹೋಗಿದ್ದಳು, ಅಲ್ಲಿ ನಮ್ಮತ್ತೆಯ ಬಾಣಂತನ. ಅಪ್ಪ, ದೊಡ್ಡಪ್ಪ ಬೆಳಗಾಗುತ್ತಲೇ ಆಲೂಗಡ್ಡೆ ಮೂಟೆ ಲಾರಿಗೆ ಹೇರಿಸಿಕೊಂಡು ಹಾಸನಕ್ಕೆ ಹೋಗಿದ್ದರು. ಅಂದು ಊರಿನ ಬಹುಪಾಲು ಗಂಡಸರು ಹಾಸನದ ಮಾರುಕಟ್ಟೆಯಲ್ಲೇ ಇದ್ದರು, ಅವರ ಜೊತೆಗೆ ಊರಿನ ಬೀಗದಕೈಗಳೂ.

ಮಧ್ಯಾಹ್ನ ಊಟದ ಹೊತ್ತು. ನನ್ನ ತಮ್ಮ ಮಂಜ, ಐದು ವರ್ಷದವನು, ಹಿತ್ತಿಲಲ್ಲಿ ಒಣಗಲು ಹಾಕಿದ್ದ ಆಲೂಗಡ್ಡೆ ಗಿಡದ ರಾಶಿಯಲ್ಲಿ ಕೈಯಾಡಿಸಿ ಗೆಡ್ಡೆ ಹುಡುಕುತ್ತಿದ್ದ. ಚಿಟ್ಟನೆ ಚೀರಿದ. ನಾನು ತಿರುಗುವಷ್ಟರಲ್ಲಿ ಕೊಳಕುಮಂಡಲ ಹಾವು ಬೇಲಿಯ ಕಡೆ ಹರಿದುಹೋಗುತ್ತಿತ್ತು. ಅವ್ವ ಮುದ್ದೆಯ ಕೈಯಲ್ಲೇ ಓಡಿಬಂದಳು. ನೋಡುನೋಡುತ್ತಿದ್ದಂತೆ ಅವನ ಕೈ ಊದತೊಡಗಿತು.

ಊರಲ್ಲಿ ಒಂದೇ ಒಂದು ವ್ಯಾನು ಇತ್ತು. ಅದರ ಡ್ರೈವರು ಒಳ್ಳೆಯವನೇ, ಕೂಗಿದ ತಕ್ಷಣ ಬಂದ. ಬಂದವನು ತಲೆ ಕೆರೆದುಕೊಂಡ.

"ಅಕ್ಕಾ, ಗಾಡೀಲಿ ಡೀಸೆಲ್ ಇಲ್ಲ ಕಣಕ್ಕ. ಪ್ಯಾಟೆ ಬಂಕ್ ತಂಕ ಓಯ್ತದೆ ಅಷ್ಟೇಯ. ಪ್ಯಾಟೆ ಆಸ್ಪತ್ರೇಲಿ ಆಸ್ನಕ್ಕೆ ಕರ್ಕಂಡೋಗಿ ಅಂದ್ರೂ ಅಂದಾರು, ಅದ್ಕೂ ಸೇರ್ಸಿ ದುಡ್ಡಿಡ್ಕೋ. ನನ್ತಾವ ಒಂದ್ಕಾಸೂ ಇಲ್ಲ."

ಅವ್ವ ನಡುಮನೆಗೆ ಓಡಿದಳು. ಬೀರುವಿನ ಹಿಡಿ ಹಿಡಿದು ಎಳೆದಳು. ಅದು ತೆಗೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ಎರಡು ಸಲ ಎಳೆದಳು. ಆಮೇಲೆ ಆ ಕಬ್ಬಿಣದ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದಳು. ಅವ್ವ ಏನನ್ನಾದರೂ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ದೇವರ ಮೂಲೆಗೆ ಹೋದಳು. "ಪುಟ್ಟೀ, ಗಂಟು ಬಿಚ್ಚು" ಎಂದಳು. ಅವಳ ಕೈಗೆ ಇನ್ನೂ ಮುದ್ದೆ ಮೆತ್ತಿತ್ತು, ನಾನೇ ಬಿಚ್ಚಿದೆ. ಅವ್ವ ಕೆಳಗಿನ ಪುಟ್ಟ ಗಂಟನ್ನು ಮಾತ್ರ ತೆಗೆದುಕೊಂಡಳು. ಒಂದೇ ಒಂದು ಕಾಸು ಮುಟ್ಟಲಿಲ್ಲ. ಇದಕ್ಕೆ ನಾನು ಸಾಕ್ಷಿ.

ಪೇಟೆಯಲ್ಲಿ, ಎಂದರೆ ಹೊಳೆನರಸೀಪುರದಲ್ಲಿ, ಮೊದಲ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿದರು. ಅಲ್ಲಿ ಐದು ದಿನ. ವ್ಯಾನಿಗೆ, ಹೊರಗಿನಿಂದ ತರಬೇಕಾದ ಔಷಧಿಗೆ, ಅಪ್ಪ ಹುಡುಕಿಕೊಂಡು ಆಸ್ಪತ್ರೆಗೆ ಬರುವ ತನಕ ನಡೆದದ್ದೆಲ್ಲ ಆ ಗಂಟಿನ ದುಡ್ಡಿನಲ್ಲಿ. ಮಂಜ ಉಳಿದ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ.

ಅವ್ವ ಮಗನನ್ನು ಎತ್ತಿಕೊಂಡು ಊರಿಗೆ ಬಂದ ದಿನವೇ ಸುದ್ದಿ ತಿಳಿದು ಅಜ್ಜಿಯೂ ಬಸ್ಸಿಳಿದಳು. ಜಗಲಿಯ ತುಂಬ ಜನ. ಅವ್ವ ಮೊದಲು ಒಳಗೆ ಹೋಗಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ರೂಪಾಯಿ ಕಾಸನ್ನು ಮುಡಿಪಿಗೆ ಹಾಕಿದಳು. ತಿಮ್ಮಪ್ಪನ ಕೂಲಿ. ಮತ್ತೆ ಜಗಲಿಗೆ ಬರುವಷ್ಟರಲ್ಲಿ ಹಿಂದೆ ಬೀಗದಕೈ ಕಿಣಿಕಿಣಿ ಎಂದಿತು.

"ಅವತ್ತು ಗಾಡಿಗೆ ದುಡ್ಡು ಎಲ್ಲಿಂದ ಬಂತು ಜಯಮ್ಮ?" ಎಂದರು ದೊಡ್ಡಪ್ಪ.

ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೆಕ್ಕಿನ ಮೇಲೆ ಹೊರಿಸುವುದೂ ಅಜ್ಜಿಗೆ ಮಾತ್ರ ಬರುತ್ತಿದ್ದ ವಿದ್ಯೆ. "ಮುಡಿಪಿಂದ ತಗಂಡೆ ಬಾವ" ಎಂದಳು.

ಜಗಲಿಯ ಜನರೆಲ್ಲ ಅವ್ವನ ಕಡೆ ತಿರುಗಿದರು.

"ತಿಮ್ಮಪ್ಪನ ದುಡ್ಡಾ? ಈ ಮನೇಲಿ ನಮ್ಮಪ್ಪ, ನಮ್ಮ ತಾತ ಯಾರೂ ಮುಟ್ದೇ ಇದ್ದ ದುಡ್ಡ?"

ಅವ್ವ ಅಜ್ಜಿಯ ಮುಖ ನೋಡಿದಳು. ನಾನೂ ನೋಡಿದೆ. ಈಗ ಹೇಳುತ್ತಾಳೆ, ಅದು ತಿಮ್ಮಪ್ಪನದಲ್ಲ, ನಮ್ಮದು ಎನ್ನುತ್ತಾಳೆ ಎಂದು ಕಾದೆ. ಅಜ್ಜಿ ಕಂಬ ಹಿಡಿದು ನಿಂತೇ ಇದ್ದಳು.

ನನಗೆ ತಡೆಯಲಾಗಲಿಲ್ಲ. "ಕಾಸು ಅಂಗೇ ಇದೆ ದೊಡ್ಡಪ್ಪಾ! ಅವ್ವ ತಗಂಡಿದ್ದು ಬರೀ..." ಎನ್ನುವಷ್ಟರಲ್ಲಿ ಅಜ್ಜಿಯ ಕೈ ನನ್ನ ಬಾಯಿ ಮುಚ್ಚಿತು. ಅದರಲ್ಲಿ ನಶ್ಯದ ವಾಸನೆ ಇತ್ತು. ಉಸಿರು ಕಟ್ಟುವಷ್ಟು ಬಲವಾಗಿ ಒತ್ತಿ ಹಿಡಿದಿದ್ದಳು.

"ತಪ್ಪಾಗದೆ" ಎಂದಳು ಅಜ್ಜಿ, ದೊಡ್ಡಪ್ಪನಿಗೆ. "ತಿಳೀದೆ ಮುಟ್ಬುಟ್ಟವ್ಳೆ. ತಪ್ಪು ಕಾಣಿಕೆ ಕಟ್ಟುಸ್ಬುಡು."

ದೊಡ್ಡಪ್ಪ ತೀರ್ಪು ಕೊಟ್ಟರು. ಮುಟ್ಟಿದ ಕೈಯಲ್ಲೇ ಬೇಡಬೇಕು. ಬರುವ ಶನಿವಾರ ಅವ್ವ ಐದಲ್ಲ, ಇಪ್ಪತ್ತೊಂದು ಮನೆಯಲ್ಲಿ ಗೋವಿಂದ ಬೇಡಿ ಮುಡಿಪು ತುಂಬಿಸಬೇಕು. ಆ ಹೊತ್ತಿನಲ್ಲಿ ಆಲೂಗಡ್ಡೆ ಮಾರಿದ ದುಡ್ಡು ಅವರ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಅದರಿಂದ ನಾಲ್ಕು ನೋಟು ತೆಗೆದು ಗೂಡಿನಲ್ಲಿಟ್ಟಿದ್ದರೆ ಯಾವ ತಿಮ್ಮಪ್ಪನೂ ಬೇಡ ಎನ್ನುತ್ತಿರಲಿಲ್ಲ. ತಮ್ಮನ ಮಗ ಬದುಕಿ ಬಂದಿದ್ದ. ಅವರು ಕೇಳಿದ ಮೊದಲ ಮಾತು ಮಗು ಹೇಗಿದೆ ಎಂದಲ್ಲ, ದುಡ್ಡು ಎಲ್ಲಿಂದ ಬಂತು ಎಂದು. ನಮ್ಮಪ್ಪನೂ ಅಲ್ಲೇ ಇದ್ದ. ಉಗುರು ನೋಡಿಕೊಳ್ಳುತ್ತಿದ್ದ. ಅಪ್ಪನನ್ನು ನಾನು ತುಂಬ ಪ್ರೀತಿಸುತ್ತಿದ್ದೆ, ಆದರೆ ಆ ಉಗುರು ನೋಡಿಕೊಂಡದ್ದನ್ನು ಈವರೆಗೂ ಕ್ಷಮಿಸಿಲ್ಲ.

ಶನಿವಾರ ಬಂತು. ಅವ್ವ ಒದ್ದೆ ಕೂದಲು ಇಳಿಬಿಟ್ಟು, ನಾಮ ಇಟ್ಟುಕೊಂಡು, ತಂಬಿಗೆ ಹಿಡಿದು ಹೊರಟಳು. ಅಕ್ಕಿಯ ಚೀಲ ಹಿಡಿದು ಹಿಂದೆ ನಾನು. ಗೋವಿಂದ ಬೇಡುವುದು ಅವಮಾನವಲ್ಲ, ದೊಡ್ಡ ದೊಡ್ಡ ಮನೆಯವರೂ ಬೇಡುತ್ತಾರೆ. ಆದರೆ ಅಂದು ಅವ್ವ ಯಾಕೆ ಬೇಡುತ್ತಿದ್ದಾಳೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಅರಳಿಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವನೊಬ್ಬ "ಏನವ್ವಾ, ತಿಮ್ಮಪ್ಪನ ಸಾಲ ತೀರುಸ್ತಾ ಇದ್ದೀಯಾ?" ಎಂದ. ಉಳಿದವರು ಕಿಸಕ್ಕನೆ ನಕ್ಕರು. ಅವ್ವ ಗೋವಿಂದ ನಿಲ್ಲಿಸಿ ಬಿರಬಿರನೆ ನಡೆದಳು. ಮುಂದಿನ ಮನೆಗಳಲ್ಲಿ ನಾನೇ ಕೂಗಿದೆ. ಆ ಬೀಡಿಯವನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದೆ.

ಪ್ರತಿ ಮನೆಯಲ್ಲೂ ಹೆಂಗಸರೇ ಬಂದು ತಂಬಿಗೆಗೆ ಅಕ್ಕಿ ಹಾಕಿದರು. ಬೊಗಸೆ ತಂಬಿಗೆಯ ಒಳಗೆ ಇಳಿದು ಒಂದು ಗಳಿಗೆ ಅಲ್ಲೇ ಇರುತ್ತಿತ್ತು. ಮೇಲೊಂದು ಕಾಸು ಹಾಕಿ, ಕೈಮುಗಿದು, ಒಳಗೆ ಹೋಗುತ್ತಿದ್ದರು. ತಂಬಿಗೆ ತುಂಬಿದಂತೆಲ್ಲ ಚೀಲಕ್ಕೆ ಸುರಿಯುತ್ತ ಇಪ್ಪತ್ತೊಂದು ಮನೆ ಮುಗಿಸಿದೆವು.

ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಜ್ಜಿ ಚೀಲವನ್ನು ಮೊರಕ್ಕೆ ಸುರಿದಳು. ಅಕ್ಕಿಯ ನಡುವೆ ಅಡಿಕೆಗಿಂತ ಚಿಕ್ಕದಾಗಿ ಮಡಿಸಿದ ನೋಟುಗಳು! ಒಂದಲ್ಲ, ಎರಡಲ್ಲ. ಅಜ್ಜಿ ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿದಳು.

"ಇದು ಕೆಂಪಮ್ಮಂದು, ಇಂಗಿನ ಡಬ್ಬಿ. ಇದು ಮೂಲೆಮನೇದು, ರಾಗಿ ಇಟ್ಟಿನ ಮಡಕೆ. ಇದು ಯಾರ್ದೇ, ಸೀಗೇಕಾಯಿ ವಾಸ್ನೆ? ಓ, ಬಚ್ಚಲ ಗೂಡಲ್ಲಿ ಮಡಗವ್ಳೆ ಪುಟ್ತಾಯಿ."

ಎಲ್ಲ ಮನೆಯದ್ದೂ ಇತ್ತು. ಇಪ್ಪತ್ತೊಂದು ಮನೆಯ ಹೆಂಗಸರೂ ತಮ್ಮ ತಮ್ಮ ಆಪತ್ತಿನ ದುಡ್ಡಿನಿಂದ ಒಂದೊಂದು ನೋಟು ತೆಗೆದು, ಅಕ್ಕಿಯ ಅಡಿಯಲ್ಲಿ ಬಚ್ಚಿಟ್ಟು ಅವ್ವನಿಗೆ ಕೊಟ್ಟಿದ್ದರು. ಹಾಸನದಲ್ಲಿ ಖರ್ಚಾದದ್ದಕ್ಕಿಂತ ಹೆಚ್ಚೇ ಬಂದಿತ್ತು. ಅವ್ವ ಮೊರದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಖುಷಿಯಿಂದ ಕುಣಿದೆ.

ಕುಣಿದದ್ದು ಹತ್ತು ವರ್ಷದ ಹುಡುಗಿ. ಆಮೇಲೆ ಬುದ್ಧಿ ಬಲಿತಂತೆ ಸಿಟ್ಟು ಬಂತು. ಇಪ್ಪತ್ತೊಂದು ಮನೆಗೂ ಗೊತ್ತಿತ್ತಲ್ಲ, ಅವರವರ ಮನೆಯಲ್ಲೂ ಇಂಥದ್ದೇ ಬಚ್ಚಿಟ್ಟ ದುಡ್ಡು ಇತ್ತಲ್ಲ! ಪ್ರತಿಯೊಬ್ಬರಿಗೂ ಅವ್ವ ಕಳ್ಳಿಯಲ್ಲ ಎಂದು ತಿಳಿದಿತ್ತಲ್ಲ! ನೋಟು ಕೊಟ್ಟವರಲ್ಲಿ ಒಬ್ಬಳಾದರೂ ಜಗಲಿಗೆ ಬಂದು ಒಂದು ಮಾತು ಆಡಬಾರದಿತ್ತೆ?

ಕಾಲೇಜು ಮುಗಿಸಿದ ವರ್ಷ ಈ ಪ್ರಶ್ನೆಯನ್ನು ಅಜ್ಜಿಗೇ ಕೇಳಿದೆ. ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ದೊಡ್ಡಮ್ಮ ನೀ ಉಟ್ಟೋಕೆ ಮುಂಚೇನೇ ಜ್ವರ ಬಂದು ಸತ್ಲು. ಆಗ್ಲೂ ಬೀರು ತುಂಬ ದುಡ್ಡಿತ್ತು ಕಣೇ. ಬೀಗದಕೈ ಅರಕಲಗೂಡಲ್ಲಿ ಮದ್ವೆ ಮನೇಲಿತ್ತು. ಎಲ್ಡು ದಿನ ಕಾದೆ. ನಿಮ್ಮ ದೊಡ್ಡಪ್ಪ ಬಂದಾಗ ಎಲ್ಲಾ ಮುಗ್ದೋಗಿತ್ತು. ಆ ತಿಂಗ್ಳೇ ನಾನು ಈ ಗಂಟು ಕಟ್ದೆ. ಅವತ್ತು ಜಗ್ಲಿ ಮೇಲೆ ಅದು ನಮ್ ದುಡ್ಡು ಅಂದಿದ್ರೆ ಏನಾಗ್ತಿತ್ತು? ಅದೂ ಬೀರುಗೋಗ್ತಿತ್ತು. ಊರ್ನಾಗಿರೋ ಎಲ್ಲಾ ಮನೆ ಗಂಟೂ ಓಗ್ತಿತ್ತು."

"ಅದಕ್ಕೆ ಅವ್ವನ ಮಾನ ತೆಗೀಬೇಕಿತ್ತಾ?"

"ನಿಮ್ಮವ್ವಂಗೆ ನಾನು ಕಾಲಿಗ್ಬಿದ್ದು ತಪ್ಪಾಯ್ತು ಅಂತ ಕೇಳ್ಕಂಡಿವ್ನಿ. ಆ ರಾತ್ರೀನೇ" ಎಂದಳು ಅಜ್ಜಿ. ನಾನು ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡೆ. ಸಿಟ್ಟು ಮಾತ್ರ ಹೋಗಲಿಲ್ಲ.

ಅಜ್ಜಿ ಈಗಿಲ್ಲ, ದೊಡ್ಡಪ್ಪನೂ ಇಲ್ಲ, ಅಪ್ಪನೂ ಇಲ್ಲ. ಮಂಜನೇ ಈಗ ಯಜಮಾನ. ನಾನು ಹಾಸನದಲ್ಲಿ ಕಾಲೇಜು ಮಕ್ಕಳಿಗೆ ವಾಣಿಜ್ಯ ಶಾಸ್ತ್ರ ಹೇಳುತ್ತೇನೆ, ಉಳಿತಾಯದ ಮಹತ್ವವೂ ಅದರಲ್ಲಿ ಒಂದು ಪಾಠ. ಕಳೆದ ಶ್ರಾವಣದ ಶನಿವಾರ ಊರಿಗೆ ಹೋಗಿದ್ದೆ. ಪಂಕ್ತಿಯಲ್ಲಿ ನೆಂಟರು ಕೂತಿದ್ದರು. ಮಂಜ ಬಡಿಸುತ್ತ ಬಡಿಸುತ್ತ ತಮಾಷೆಗೆ ಶುರುಮಾಡಿದ.

"ನಮ್ಮವ್ವ ಏನ್ ಕಮ್ಮಿ ಅಂದ್ಕಂಡಿದ್ದೀರಾ? ತಿಮ್ಮಪ್ಪಂಗೇ ಟೋಪಿ ಆಕಿದೋಳು! ಮುಡಿಪು ಎಗರುಸಿ ಇಪ್ಪತ್ತೊಂದು ಮನೆ ತಿರುಗಿದ್ಲು!"

ನೆಂಟರು ನಕ್ಕರು. ಆ ದುಡ್ಡಿನಿಂದ ಉಳಿದ ಕೈ ಅದು, ಆ ಕೈಯಲ್ಲಿ ಪಾಯಸದ ಸೌಟು ಹಿಡಿದುಕೊಂಡು ಆಡುತ್ತಿದ್ದ ಮಾತು ಅದು. ನನ್ನ ತುತ್ತು ಕೈಯಲ್ಲೇ ನಿಂತಿತು. "ಲೇ ಮಂಜಾ, ಬಾಯ್ಮುಚ್ಲಾ. ನಿಂಗೇನ್ಲಾ ಗೊತ್ತು?" ಎಂದೆ. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಅವ್ವ ಎಲೆಯ ಕೆಳಗಿನಿಂದ ನನ್ನ ಮಣಿಕಟ್ಟು ಹಿಡಿದಳು. ಅಜ್ಜಿಯ ಹಿಡಿತವೇ. ಆಮೇಲೆ ನೆಂಟರ ಜೊತೆ ತಾನೂ ನಕ್ಕುಬಿಟ್ಟಳು.

ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಅವಳ ಮೇಲೆ ರೇಗಿದೆ. "ಇಷ್ಟು ವರ್ಷ ಆದ್ಮೇಲೂ ಯಾಕವ್ವ? ಬೀರೂನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಸತ್ಯ ಹೇಳಿದ್ರೆ ಏನೋಗ್ತದೆ?"

ಅವ್ವ ಬಾಗಿಲು ಹಾಕಿದಳು. ಮಂಜನ ಹೆಂಡತಿ ಸವಿತಾಳ ಕಡೆ ಕಣ್ಣು ಮಾಡಿದಳು. ಸವಿತಾ ತಲೆ ತಗ್ಗಿಸಿಕೊಂಡು ಹೋಗಿ ದೇವರ ಗೂಡಿನಿಂದ ಅದೇ ಅರಿಸಿನದ ಗಂಟನ್ನು ತಂದಳು.

"ಈಗ ಇದು ಇವ್ಳದು" ಎಂದಳು ಅವ್ವ. "ನೀ ಬಾಯ್ಬುಟ್ರೆ ಇವ್ಳ ಕೈ ಬರಿದಾಗ್ತದೆ. ನಾನು ಕಳ್ಳಿ ಅಂತ್ಲೇ ಇರ್ಲಿ ಬುಡು, ನಂಗೇನೀಗ."

ಊರಿನ ಹೆಸರು ಬರೆಯದಿದ್ದದ್ದು ಇದಕ್ಕೇ. ಮಂಜ ಎನ್ನುವುದೂ ನನ್ನ ತಮ್ಮನ ಹೆಸರಲ್ಲ.

ಗಂಟು ಕೈಗೆ ತೆಗೆದುಕೊಂಡು ನೋಡಿದೆ. ಕಾಸುಗಳು ಇದ್ದವು, ಕೆಳಗಿನ ಪುಟ್ಟ ಗಂಟು ಮಾತ್ರ ಚಪ್ಪಟೆಯಾಗಿತ್ತು. "ಈಗ ಡೈರಿ ಬಟವಾಡೆ ಕೈಗೆ ಕೊಡಲ್ಲ ಅಕ್ಕಾ" ಎಂದಳು ಸವಿತಾ. "ಸೀದಾ ಖಾತೆಗೆ ಓಯ್ತದೆ. ಖಾತೆ ಇವ್ರ ಹೆಸ್ರಲ್ಲಿ ಅದೆ. ಅಂಗ್ಡಿ ಸಾಮಾನ್ಗೂ ಇವ್ರೇ ಫೋನಲ್ಲಿ ಆಕ್ಬುಡ್ತಾರೆ. ನನ್ನ ಕೈಗೆ ನೋಟು ಬರಾದೇ ಕಮ್ಮಿ." ಸಗಣಿ ಬಾಚುವವಳು ಇವತ್ತಿಗೂ ಸವಿತಾಳೇ. ಬೆಕ್ಕಿನ ಮೇಲೆ ಹೊರಿಸುವಂತೆಯೂ ಇಲ್ಲ, ಡೈರಿಯ ಯಂತ್ರ ಒಂದೊಂದು ತೊಟ್ಟಿನ ಲೆಕ್ಕವನ್ನೂ ಮಂಜನ ಫೋನಿಗೆ ಕಳಿಸುತ್ತದೆ. ಬೀರು ಹೋಯಿತು ಎಂದುಕೊಂಡಿದ್ದೆ. ಅದು ಸಣ್ಣದಾಗಿ ಅವನ ಅಂಗಿಯ ಜೇಬಿಗೆ ಬಂದಿತ್ತು.

"ನೀನು ಸಂಬ್ಳದೋಳು, ನಾಕು ನೋಟು ಆಕವ್ವ ಇದಕ್ಕೆ" ಎಂದಳು ಅವ್ವ. "ಮೇಲೊಂದು ಕಾಸೂ ಆಕು."

ನಾನು ಬ್ಯಾಗು ತೆಗೆದೆ. ಕನ್ನಡಕ, ಪೆನ್ನು, ಎರಡು ಕಾರ್ಡು, ಫೋನು. ಒಳಜೇಬಿಗೆ ಕೈ ಹಾಕಿದೆ. ಕೊನೆಗೆ ಬ್ಯಾಗನ್ನೇ ಬೋರಲು ಹಾಕಿ ಕೊಡವಿದೆ. ಬಸ್ಸಿನ ಹಳೆಯ ಟಿಕೀಟೊಂದು ಬಿತ್ತು. ಸವಿತಾಳಿಗೆ ಫೋನಿನಲ್ಲಿ ಕಳಿಸೋಣವೆಂದರೆ ಅದೂ ಮಂಜನ ಖಾತೆಗೇ ಹೋಗುತ್ತದೆ.

"ಇರ್ಲಿ ಬುಡಿ ಅಕ್ಕಾ, ಇನ್ನೊಂದ್ಸಲ ಬಂದಾಗ" ಎಂದು ಸವಿತಾ ಗಂಟು ಕಟ್ಟತೊಡಗಿದಳು.

ಅಂದು ಅವ್ವ ತಂಬಿಗೆ ಹಿಡಿದು ನಿಂತಾಗ ಇಪ್ಪತ್ತೊಂದು ಮನೆಗಳಲ್ಲಿ ಒಬ್ಬಳೂ ಬರಿಗೈಯಲ್ಲಿ ಬಾಗಿಲಿಗೆ ಬಂದಿರಲಿಲ್ಲ. ಹಾಗೆ ಬಂದವಳು ನಾನೊಬ್ಬಳೇ.